ಕಬ್ಬಿನ ಸಾಲಿನಲ್ಲಿ ಓಡುವ ಗಾಡಿಗೆ ಯಾವ ಮೋಟಾರ್, ಯಾವ ಡ್ರೈವರ್?

ಕಬ್ಬಿನ ಸಾಲುಗಳ ನಡುವೆ ಔಷಧಿ ಸಿಂಪಡಿಸುವ, ಒಟ್ಟು 12 ಕಿಲೋ ತೂಗುವ ಗಾಡಿಗೆ ನೆಮಾ 17 ಸ್ಟೆಪ್ಪರ್ (ಹೆಜ್ಜೆ ಹೆಜ್ಜೆಯಾಗಿ ತಿರುಗುವ ಮೋಟಾರ್) ಹಾಕಬೇಕೋ ಗೇರ್ ಇರುವ ಡಿಸಿ ಮೋಟಾರ್ ಹಾಕಬೇಕೋ, ಈಗಾಗಲೇ ಕೊಂಡಿರುವ ಎಲ್298ಎನ್ ಡ್ರೈವರ್ (ಬ್ಯಾಟರಿಯ ಕರೆಂಟನ್ನು ನಿಯಂತ್ರಿಸಿ ಮೋಟಾರ್‌ಗೆ ಕೊಡುವ ಬೋರ್ಡ್) ಸಾಕಾಗುತ್ತದೆಯೋ ಎಂದು ಕೇಳಿದ್ದೀರಿ. ಮಂಡ್ಯದಲ್ಲಿ ಬಿ.ಇ. ಅಂತಿಮ ವರ್ಷದಲ್ಲಿ ನಮ್ಮ ತಂಡ ಕಟ್ಟಿದ್ದೂ ಬಹುಮಟ್ಟಿಗೆ ಇದೇ ಗಾಡಿ. 12 ವೋಲ್ಟ್ ಬ್ಯಾಟರಿ, ನಾಲ್ಕು ಚಕ್ರಕ್ಕೆ ನಾಲ್ಕು ಗೇರ್ ಮೋಟಾರ್, ಎಡಬಲಕ್ಕೆ ಒಂದೊಂದು ಚಾನೆಲ್‌ನಂತೆ (ಕರೆಂಟ್ ಹೊರಡುವ ದಾರಿ) ಒಂದೇ ಎಲ್298ಎನ್. ಪ್ರಯೋಗಾಲಯದ ನೆಲದ ಮೇಲೆ ಸರಾಗವಾಗಿ ಓಡಿದ ಗಾಡಿ, ನಾಲೆ ನೀರು ಹಾಯಿಸಿ ಇನ್ನೂ ಪೂರ್ತಿ ಆರದ ಗದ್ದೆಗೆ ಇಳಿಸಿದಾಗ ಒಂದೆರಡು ಮಾರು ಹೋಗಿ ನಿಂತಿತು. ಚಕ್ರಗಳಿಗೆ ತರಗು ಸುತ್ತಿಕೊಂಡಿತ್ತು, ಮೋಟಾರ್‌ಗಳು ತಿರುಗದೆ ಗುಂಯ್‌ಗುಡುತ್ತಿದ್ದವು, ಡ್ರೈವರ್‌ನ ಹೀಟ್ ಸಿಂಕ್ ಕೈಯಿಡಲಾಗದಷ್ಟು ಕಾದಿತ್ತು. ಸ್ವಲ್ಪ ಹೊತ್ತಿನಲ್ಲಿ ಒಂದು ಪಕ್ಕ ಪೂರ್ತಿ ಸ್ತಬ್ಧವಾಯಿತು.

ಎಡವಿದ್ದು ಅಳತೆಯಲ್ಲಿ. ಗಾಡಿಯನ್ನು ಇಟ್ಟಿಗೆಗಳ ಮೇಲಿಟ್ಟು, ಚಕ್ರಗಳು ಗಾಳಿಯಲ್ಲಿ ತಿರುಗುತ್ತಿರುವಾಗ ಕರೆಂಟ್ ಅಳೆದಿದ್ದೆವು. ಮೋಟಾರ್‌ಗೆ ಅರ್ಧ ಆಂಪಿಯರ್ ಬಂದದ್ದರಿಂದ, ಚಾನೆಲ್‌ಗೆ 2 ಆಂಪಿಯರ್ ಕೊಡುವ ಡ್ರೈವರ್ ಧಾರಾಳವಾಯಿತೆಂದು ತೀರ್ಮಾನಿಸಿದೆವು. ಆದರೆ ಡಿಸಿ ಮೋಟಾರ್ ಎಷ್ಟು ಕರೆಂಟ್ ಎಳೆಯುತ್ತದೆ ಎಂಬುದು ಅದರ ಮೇಲಿನ ಹೊರೆಯನ್ನು ಅವಲಂಬಿಸಿದೆ. ತಿರುಗುತ್ತಿರುವ ಮೋಟಾರ್ ತನ್ನೊಳಗೇ ಎದುರು ವೋಲ್ಟೇಜ್ ಹುಟ್ಟಿಸಿಕೊಂಡು ಕರೆಂಟನ್ನು ತಡೆಯುತ್ತದೆ. ಹೊರೆ ಹೆಚ್ಚಿ ವೇಗ ಇಳಿದಂತೆ ಆ ತಡೆ ಕುಗ್ಗುತ್ತದೆ. ಚಕ್ರ ಸಿಕ್ಕಿಕೊಂಡು ನಿಂತರೆ ತಂತಿ ಸುರುಳಿಯ ರೋಧವೊಂದೇ ಉಳಿಯುತ್ತದೆ. ಆಮೇಲೆ ಅದೇ ಮೋಟಾರನ್ನು ನೇರ ಬ್ಯಾಟರಿಗೆ ಜೋಡಿಸಿ, ಚಕ್ರವನ್ನು ಕ್ಷಣಕಾಲ ಹಿಡಿದು ನಿಲ್ಲಿಸಿ ಅಳೆದಾಗ ಮಲ್ಟಿಮೀಟರ್ 6 ಆಂಪಿಯರ್ ದಾಟಿತು. ಒಂದು ಚಾನೆಲ್‌ಗೆ ಎರಡು ಮೋಟಾರ್, ಅಂದರೆ 12 ಆಂಪಿಯರ್. ಇದರ ಜೊತೆಗೆ ಎಲ್298 ಹಳೆಯ ಬೈಪೋಲಾರ್ ಟ್ರಾನ್ಸಿಸ್ಟರ್‌ಗಳ ಚಿಪ್: 2 ಆಂಪಿಯರ್ ಹರಿಯುವಾಗ ಅದರಲ್ಲೇ 4.9 ವೋಲ್ಟ್‌ವರೆಗೆ ಕಳೆದುಹೋಗಬಹುದೆಂದು ಡೇಟಾಶೀಟ್ ಹೇಳುತ್ತದೆ. ಮೋಟಾರ್‌ಗೆ ಬಲ ಬೇಕಾದ ಹೊತ್ತಿನಲ್ಲೇ ಅದಕ್ಕೆ ಸಿಗುವುದು 7 ವೋಲ್ಟ್. ಉಳಿದದ್ದು ಸುಮಾರು 10 ವ್ಯಾಟ್ ಶಾಖವಾಗಿ ಡ್ರೈವರನ್ನು ಕಾಯಿಸುತ್ತದೆ.

ಹಾಗಾಗಿ ಸ್ಟೆಪ್ಪರೋ ಡಿಸಿಯೋ ಎಂಬಲ್ಲಿಂದ ನಿಮ್ಮ ಪ್ರಶ್ನೆ ಶುರುವಾಗಬಾರದು. ಮೊದಲು ಮೋಟಾರ್ ಇಲ್ಲದ ಗಾಡಿಗೆ ಪೂರ್ತಿ ತೂಕ ಹೇರಿ, ಅದು ಓಡಬೇಕಾದ ಗದ್ದೆಗೇ ಒಯ್ದು, ಸ್ಪ್ರಿಂಗ್ ತಕ್ಕಡಿಯ ಕೊಕ್ಕೆ ಸಿಕ್ಕಿಸಿ ನಿಧಾನವಾಗಿ ಎಳೆಯಿರಿ. ಸಿಮೆಂಟ್ ನೆಲದಲ್ಲಿ ಕಾಲು ಕಿಲೋ ತೋರಿಸಿದ್ದ ನಮ್ಮ ತಕ್ಕಡಿ ಹಸಿ ಮಣ್ಣಿನಲ್ಲಿ ಮೂರೂವರೆ ಕಿಲೋ ತೋರಿಸಿತು. ಚಕ್ರದ ತ್ರಿಜ್ಯ 5 ಸೆಂ.ಮೀ. ಆಗಿದ್ದರೆ ಬೇಕಾಗುವ ಒಟ್ಟು ಟಾರ್ಕ್ (ತಿರುಗಿಸುವ ಬಲ) 17.5 ಕೆಜಿ-ಸೆಂ.ಮೀ., ನಾಲ್ಕು ಮೋಟಾರ್‌ಗೆ ಹಂಚಿದರೆ ತಲಾ ಸುಮಾರು 4.4. ಬದು ಹತ್ತುವುದು, ತರಗು ಸಿಕ್ಕಿಕೊಳ್ಳುವುದು ಇದ್ದದ್ದೇ ಆದ್ದರಿಂದ ಸ್ಟಾಲ್ ಟಾರ್ಕ್ (ಮೋಟಾರ್ ನಿಂತೇಬಿಡುವ ಹಂತದಲ್ಲಿ ಕೊಡುವ ಬಲ) ಇದರ ನಾಲ್ಕು ಪಟ್ಟಾದರೂ ಇರುವ ಮೋಟಾರನ್ನೇ ಆರಿಸಿ. ಸೆಕೆಂಡಿಗೆ ಅರ್ಧ ಮೀಟರ್ ಸಾಗಲು 100 ಆರ್‌ಪಿಎಂ ಸಾಕು; ಅದೇ ಮೋಟಾರಿನ 300 ಆರ್‌ಪಿಎಂ ಮಾದರಿಯಲ್ಲಿ ವೇಗ ಹೆಚ್ಚಾದಷ್ಟೂ ಬಲ ಕಡಿಮೆ.

ನೆಮಾ 17 ಈ ಕೆಲಸಕ್ಕೆ ಬೇಡವೇ ಬೇಡ ಎಂಬುದು ನನ್ನ ಅಭಿಪ್ರಾಯ. ಆ ಹೆಸರು ಹೇಳುವುದು 1.7 ಇಂಚಿನ ಮುಖದ ಅಳತೆಯನ್ನು ಮಾತ್ರ, ಬಲವನ್ನಲ್ಲ. ಸ್ಟೆಪ್ಪರ್ ನಿಂತಾಗಲೂ ಬ್ಯಾಟರಿ ತಿನ್ನುತ್ತದೆ, ಹೊರೆ ಮೀರಿದರೆ ಹೆಜ್ಜೆ ತಪ್ಪುತ್ತದೆ, ತಪ್ಪಿದ್ದು ನಿಮ್ಮ ಪ್ರೋಗ್ರಾಮಿಗೆ ಗೊತ್ತೇ ಆಗುವುದಿಲ್ಲ.

ಡ್ರೈವರನ್ನು ಕೊನೆಯಲ್ಲಿ, ಸ್ಟಾಲ್ ಕರೆಂಟ್ (ಚಕ್ರ ನಿಂತಾಗ ಮೋಟಾರ್ ಎಳೆಯುವ ಕರೆಂಟ್) ನೋಡಿ ಕೊಳ್ಳಿ. ನಾವು ಪಕ್ಕಕ್ಕೊಂದರಂತೆ ಎರಡು ಬಿಟಿಎಸ್7960 ಮಾಡ್ಯೂಲ್ ಹಾಕಿದೆವು. ಅದರಲ್ಲಿರುವುದು ಮಾಸ್‌ಫೆಟ್ (ತೀರಾ ಕಡಿಮೆ ರೋಧದ ಟ್ರಾನ್ಸಿಸ್ಟರ್) ಆದ್ದರಿಂದ 12 ಆಂಪಿಯರ್ ಹರಿದರೂ ಅದರಲ್ಲಿ ಕಳೆಯುವುದು ಸುಮಾರು 0.2 ವೋಲ್ಟ್. ಅಂಗಡಿಯವರು ಹೇಳುವ 43 ಆಂಪಿಯರ್ ಚಿಪ್ ತನ್ನ ರಕ್ಷಣೆಗೆ ಕರೆಂಟನ್ನು ತಡೆಯುವ ಮಟ್ಟವೇ ಹೊರತು ಸತತವಾಗಿ ಎಳೆಯಬಹುದಾದ ಪ್ರಮಾಣವಲ್ಲ. ಬ್ಯಾಟರಿಗೂ ಪ್ರತಿ ಡ್ರೈವರಿಗೂ ನಡುವೆ 10 ಆಂಪಿಯರ್ ಫ್ಯೂಸ್ ಇರಲಿ. ಕರೆಂಟ್ ಮಿತಿಗಿಂತ ಬಹಳ ಮೀರಿದರೆ ಮೊದಲು ಸುಡುವುದು ಫ್ಯೂಸ್. ನಿಮ್ಮ ಎಲ್298ಎನ್ ವ್ಯರ್ಥವಾಗಬೇಕಿಲ್ಲ. ಸಿಂಪಡಿಸುವ ನಳಿಕೆಯನ್ನು ಮೇಲೆ ಕೆಳಗೆ ಆಡಿಸುವ ಸಣ್ಣ ಮೋಟಾರಿಗೆ, ಅದರ ಸ್ಟಾಲ್ ಕರೆಂಟ್ 1 ಆಂಪಿಯರ್ ಒಳಗಿದ್ದರೆ, ಅದನ್ನೇ ಬಳಸಿ.