ಹತ್ತು ಗಂಟೆಗೆ ಮೊದಲು ದೆಹಲಿ ಬಿಡಬೇಡಿ

ಡಿಸೆಂಬರ್ ಕೊನೆ, ಏಳು ದಿನ, ಜೊತೆಗೆ ಅಪ್ಪ ಅಮ್ಮ. ದೆಹಲಿಯಿಂದ ಟ್ಯಾಕ್ಸಿ ಮಾಡಿ ಆಗ್ರಾ, ಜೈಪುರ, ಹರಿದ್ವಾರ, ಅಮೃತಸರ ನೋಡಬೇಕು, ಯಾವುದು ಮೊದಲು ಅಂತ ಕೇಳಿದ್ದೀರಿ. ದಿನಾ ಬೆಳಗ್ಗೆ ನಾಲ್ಕಕ್ಕೆ ಹೊರಟರೆ ಸಮಯ ಉಳಿಯುತ್ತದೆ ಅಂತಲೂ ಬರೆದಿದ್ದೀರಿ. ಆ ಸಾಲು ಓದಿ ನಗು ಬಂತು. ಸ್ವಲ್ಪ ಹೊಟ್ಟೆಯೂ ಉರಿಯಿತು. ಆ ನಾಲ್ಕು ಗಂಟೆಯ ಬುದ್ಧಿ ಮೂರು ವರ್ಷದ ಹಿಂದೆ ನನ್ನದೇ ಆಗಿತ್ತು.

ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯವನು. ನೀವು ಮಂಜೇಶ್ವರದವರು ಅಂದಿರಿ, ಹಾಗಾದರೆ ನಿಮ್ಮ ಮನೆಯಲ್ಲೂ ಇದೇ ಕ್ರಮ ಇದ್ದೀತು. ಸುಬ್ರಹ್ಮಣ್ಯಕ್ಕಾಗಲಿ, ಬೆಂಗಳೂರಿಗಾಗಲಿ, ಕೋಳಿ ಕೂಗುವ ಮೊದಲು ಕಾರು ಅಂಗಳ ಬಿಡಬೇಕು. ಬಿಸಿಲೇರುವ ಮೊದಲು ಘಾಟಿ ಹತ್ತಿ ಆಗಿರಬೇಕು. ಅದೇ ಲೆಕ್ಕವನ್ನು ನಾನು ಕಾಸರಗೋಡಿನಿಂದ ಮಂಗಳಾ ಎಕ್ಸ್‌ಪ್ರೆಸ್‌ನಲ್ಲಿ ಎರಡು ರಾತ್ರಿ ಹೊತ್ತುಕೊಂಡು ದೆಹಲಿಗೆ ಹೋದೆ.

ತಾಜ್‌ಮಹಲಿಗೆ ಶುಕ್ರವಾರ ರಜೆ ಅಂತ ಗೊತ್ತಿತ್ತು. ಅದಕ್ಕೇ ಗುರುವಾರ ಇಟ್ಟುಕೊಂಡಿದ್ದೆ. ನಾಲ್ಕಕ್ಕೆ ಬಿಟ್ಟರೆ ಎಂಟಕ್ಕೆ ಆಗ್ರಾ, ಮಧ್ಯಾಹ್ನದೊಳಗೆ ತಾಜ್, ಸಂಜೆ ಫತೇಪುರ್ ಸಿಕ್ರಿ, ಶುಕ್ರವಾರ ಜೈಪುರ. ಕಾಗದದ ಮೇಲೆ ಎಷ್ಟು ಚೆಂದ ಅಲ್ವಾ! ಹಿಂದಿನ ರಾತ್ರಿ ಡ್ರೈವರ್ ಹೇಳಿದ್ದ, ‘ಭಯ್ಯಾ, ಕೊಹ್ರಾ ಇರುತ್ತೆ, ಒಂಬತ್ತು ಹತ್ತಕ್ಕೆ ಹೊರಡೋಣ’ ಅಂತ. ನನಗೆ ಅವನು ಸೋಮಾರಿ ಹಾಗೆ ಕಂಡ. ಚಾರ್ಮಾಡಿ ಘಾಟಿಯ ಮಂಜು ನೋಡಿದವನು ನಾನು, ನನಗೆ ಇವನು ಹೇಳುವುದಾ?

ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಜಾರು ಮಾಡಬೇಡಿ. ಘಾಟಿಯ ಮಂಜು ಅಂದರೆ ಮೋಡ. ಒಂದು ತಿರುವಿನಲ್ಲಿ ಬರುತ್ತದೆ, ಮುಂದಿನ ತಿರುವಿನಲ್ಲಿ ಹೋಗುತ್ತದೆ. ಡ್ರೈವರ್ ಹೇಳಿದ ಕೊಹ್ರಾ ಅಂದರೆ ಉತ್ತರದ ಬಯಲಿನ ಮಂಜು, ಅದು ನೆಲದಿಂದಲೇ ಹುಟ್ಟುವುದು. ಚಳಿಗಾಲದ ರಾತ್ರಿ ಆಕಾಶ ತಿಳಿಯಾಗಿ, ಗಾಳಿ ಆಡದೆ ಇದ್ದರೆ ನೆಲ ತಣ್ಣಗಾಗುತ್ತಾ ಹೋಗುತ್ತದೆ. ಅದರ ಮೇಲಿನ ಗಾಳಿಯ ಪಸೆ ಅಲ್ಲೇ ಹನಿಗಟ್ಟಿ ಕೂತುಬಿಡುತ್ತದೆ. ರಾತ್ರಿಯಿಡೀ ತಣಿದ ನೆಲ ಅತಿ ತಂಪಾಗಿರುವುದು ಬೆಳಗಿನ ಜಾವಕ್ಕೆ. ಅಂದರೆ ನಾವು ಹೊರಟ ಹೊತ್ತಿಗೇ ಮಂಜು ಅತಿ ದಟ್ಟ. ಬಿಸಿಲು ಬಿದ್ದು ನೆಲ ಕಾಯುವವರೆಗೆ ಅದು ಅಲ್ಲಾಡುವುದಿಲ್ಲ. ನಮ್ಮಲ್ಲಿ ಪ್ರಯಾಣಕ್ಕೆ ಅತಿ ಒಳ್ಳೆಯ ಹೊತ್ತು ಯಾವುದೋ, ಅಲ್ಲಿ ಡಿಸೆಂಬರಿನಲ್ಲಿ ಅತಿ ಕೆಟ್ಟ ಹೊತ್ತು ಅದೇ. ಇದು ನನ್ನ ತಲೆಗೆ ಹೋದದ್ದು ಯಮುನಾ ಎಕ್ಸ್‌ಪ್ರೆಸ್‌ವೇ ಹತ್ತಿದ ಮೇಲೆ.

ಆ ರಸ್ತೆ 165 ಕಿಲೋಮೀಟರ್, ನೇರ ನೂಲು ಹಿಡಿದ ಹಾಗೆ. ಕಾರಿಗೆ 100ರ ಮಿತಿ, ಚಳಿಗಾಲದಲ್ಲಿ ಮಂಜಿನ ದೆಸೆಯಿಂದ ಅದನ್ನೂ ಇಳಿಸುತ್ತಾರೆ. ನಾವು ಹೋದದ್ದು 20ರಲ್ಲಿ. ಹೆಡ್‌ಲೈಟ್ ಹಾಕಿದರೆ ಎದುರಿಗೆ ಬಿಳಿ ಗೋಡೆ, ಕಾರಿನ ಬಾನೆಟ್ ಮಾತ್ರ ಕಾಣುತ್ತದೆ. ಡ್ರೈವರ್ ಕಿಟಕಿ ಇಳಿಸಿ, ತಲೆ ಹೊರಗೆ ಹಾಕಿ, ರಸ್ತೆಯ ಬಿಳಿ ಗೆರೆ ನೋಡಿಕೊಂಡು ಓಡಿಸುತ್ತಿದ್ದ. ನಿಲ್ಲಿಸೋಣ ಅಂದರೆ ಹಿಂದಿನಿಂದ ಬರುವ ಲಾರಿಗೆ ನಾವು ಕಾಣುವುದಿಲ್ಲ. ಹೋಗೋಣ ಅಂದರೆ ಮುಂದೆ ನಿಂತ ಲಾರಿ ನಮಗೆ ಕಾಣುವುದಿಲ್ಲ. ಅಮ್ಮ ವಿಷ್ಣು ಸಹಸ್ರನಾಮ ಶುರು ಮಾಡಿದರು. ಅಪ್ಪನಿಗೆ ಹಿಂದಿ ಬರುವುದಿಲ್ಲ. ಊರು ಬಿಟ್ಟರೆ ಮಲಯಾಳ ಮಾತಾಡಬೇಕು ಅನ್ನುವುದು ಅವರ ಜೀವಮಾನದ ಅಭ್ಯಾಸ. ಗಾಬರಿಯಲ್ಲಿ ಡ್ರೈವರನ ಭುಜ ಹಿಡಿದು ‘ಪದುಕ್ಕೆ ಪೋಯಾಲ್ ಮದಿ, ಪದುಕ್ಕೆ’ ಅನ್ನತೊಡಗಿದರು. ನಿಧಾನ ಹೋದರೆ ಸಾಕು ಅಂತ. ಆ ಮಥುರಾದ ಹುಡುಗನಿಗೆ ಅದು ಹೇಗೆ ಅರ್ಥವಾಯಿತೋ, ‘ಜೀ ಬಾಬೂಜಿ’ ಅಂದ.

ಕೊನೆಗೆ ಜೇವರ್ ಟೋಲ್ ಹತ್ತಿರ ನಿಲ್ಲಿಸಿ, ಕಾರೊಳಗೆ ಕಂಬಳಿ ಹೊದ್ದು ಹತ್ತೂವರೆವರೆಗೆ ಕೂತೆವು. ಡ್ರೈವರ್ ಹೇಳಿದ್ದೂ ಅದೇ ಹೊತ್ತು ತಾನೇ? ಹಾಸಿಗೆ ಬಿಟ್ಟು, ನಿದ್ದೆ ಬಿಟ್ಟು, ಜೀವ ಕೈಯಲ್ಲಿ ಹಿಡಿದುಕೊಂಡು ನಾನು ಉಳಿಸಿದ ಸಮಯ ಸೊನ್ನೆ.

ಆಗ್ರಾ ಮುಟ್ಟಿದಾಗ ಒಂದೂವರೆ. ಅಪ್ಪನಿಗೆ ಚಳಿಜ್ವರದ ಹಾಗೆ ನಡುಕ. ಊಟ, ಮಾತ್ರೆ, ಸ್ವಲ್ಪ ಮಲಗಿದ್ದು ಎಲ್ಲ ಆಗಿ ತಾಜ್ ಗೇಟಿಗೆ ಹೋದಾಗ ನಾಲ್ಕಾಗಿತ್ತು. ಸೂರ್ಯ ಮುಳುಗುವ ಅರ್ಧ ಗಂಟೆ ಮೊದಲು ತಾಜ್ ಮುಚ್ಚುತ್ತಾರೆ. ಡಿಸೆಂಬರಿನಲ್ಲಿ ಅದು ಐದು ಗಂಟೆಯ ಸುಮಾರಿಗೇ. ತಪಾಸಣೆಯ ಸಾಲಿನಲ್ಲಿ ಅಪ್ಪನ ಸೊಂಟದಿಂದ ಎಲೆ ಅಡಕೆಯ ಚೀಲ ಹೊರಬಂತು. ಒಂದೊಂದೇ ಮೇಜಿನ ಮೇಲೆ ಇಟ್ಟರು. ನಾಲ್ಕು ವೀಳ್ಯದೆಲೆ, ಸುಣ್ಣದ ಡಬ್ಬಿ, ನಮ್ಮದೇ ತೋಟದ ಅಡಕೆ, ಹೊಗೆಸೊಪ್ಪು, ಪೀಶಕತ್ತಿ. ಕತ್ತಿ ಕಂಡದ್ದೇ ಕಾವಲಿನವರ ಮುಖ ಬದಲಾಯಿತು. ವಾಪಸ್ ಹೋಗಿ ಲಾಕರಿನಲ್ಲಿ ಇಟ್ಟು ಬನ್ನಿ ಅಂದರು. ನಾನು ಓಡಿಹೋಗಿ ಇಟ್ಟು ಬರುವಷ್ಟರಲ್ಲಿ ಒಳಗೆ ಬಿಡುವುದು ನಿಲ್ಲಿಸಿದ್ದರು. ‘ಹೋಗಲಿ ಬಿಡು ಮಗಾ, ನಾಳೆ ಬೆಳಗ್ಗೆ ಬಂದರಾಯಿತು’ ಅಂದರು ಅಮ್ಮ. ನಾಳೆ ಶುಕ್ರವಾರ ಅಂತ ಹೇಳಲು ನನಗೆ ಬಾಯಿ ಬರಲಿಲ್ಲ.

ಮರುದಿನ ಹೊಳೆಯಾಚೆಯ ಮೆಹತಾಬ್ ಬಾಗ್‌ಗೆ ಕರೆದುಕೊಂಡು ಹೋದೆ. ಹತ್ತೂವರೆಗೆ ಮಂಜು ಕರಗುತ್ತಾ ಮೊದಲು ಗುಮ್ಮಟ, ಆಮೇಲೆ ಮಿನಾರುಗಳು ಕಂಡವು. ಬುಡ ಹನ್ನೊಂದಾದರೂ ಕಾಣಲಿಲ್ಲ. ಆಮೇಲೆ ಆಗ್ರಾ ಕೋಟೆ. ಔರಂಗಜೇಬ 1658ರಲ್ಲಿ ತನ್ನ ಅಪ್ಪ ಷಹಜಹಾನನನ್ನು ಸೆರೆಯಲ್ಲಿಟ್ಟದ್ದು ಅಲ್ಲೇ. ಷಹಜಹಾನ್ 1666ರಲ್ಲಿ ತೀರಿಕೊಳ್ಳುವವರೆಗೆ ಅಲ್ಲಿಂದಲೇ ತಾಜ್ ನೋಡುತ್ತಿದ್ದ. ಇದನ್ನು ಹೇಳಿದಾಗ ಅಪ್ಪ, ‘ಅವನಿಗೂ ದೂರದಿಂದ ನೋಡುವ ಯೋಗವೇ’ ಅಂದು ಸುಮ್ಮನಾದರು. ನನಗೆ ತಾಗಬೇಕಾದಲ್ಲಿ ತಾಗಿತು.

ಈಗ ನಿಮ್ಮ ಪ್ರಶ್ನೆ. ಯಾವುದು ಮೊದಲು ಅನ್ನುವುದೇ ತಪ್ಪು ಪ್ರಶ್ನೆ. ದೆಹಲಿಯಿಂದ ಆಗ್ರಾ 230 ಕಿಲೋಮೀಟರ್, ಅಲ್ಲಿಂದ ಜೈಪುರ 240, ವಾಪಸ್ ದೆಹಲಿ 280, ಹರಿದ್ವಾರ ಹೋಗಿ ಬರಲು 440, ಅಮೃತಸರ ಹೋಗಿ ಬರಲು 900. ಎರಡು ಸಾವಿರ ದಾಟಿತು. ಅರವತ್ತೆಂಟರ ನಿಮ್ಮ ಅಪ್ಪನನ್ನು ಒಂದೇ ವಾರದಲ್ಲಿ ಆರು ಸಲ ಬೆಂಗಳೂರಿಗೆ ಒಯ್ದ ಹಾಗೆ. ಹರಿದ್ವಾರ, ಅಮೃತಸರ ಎರಡನ್ನೂ ಹೊಡೆದುಹಾಕಿ. ದೆಹಲಿ, ಆಗ್ರಾ, ಜೈಪುರ ಸಾಕು. ಆಗ್ರಾದಲ್ಲಿ ಎರಡು ರಾತ್ರಿ ಇರಲಿ, ಎರಡರ ಮಧ್ಯೆ ಶುಕ್ರವಾರ ಬೇಡ. ದೆಹಲಿಯ ಕೆಂಪುಕೋಟೆಗೆ ಸೋಮವಾರ ರಜೆ. ಆಗ್ರಾದಿಂದ ಜೈಪುರಕ್ಕೆ ಹೋಗುವಾಗ ಫತೇಪುರ್ ಸಿಕ್ರಿ ದಾರಿಯಲ್ಲೇ ಸಿಗುತ್ತದೆ, ಅದಕ್ಕೆ ಬೇರೆ ದಿನ ಬೇಡ. ಜೈಪುರದ ಬಗ್ಗೆ ಉಳಿದವರು ಬರೆಯಲಿ, ಜ್ವರದ ಅಪ್ಪನ ಜೊತೆ ನಾನು ಅಲ್ಲಿ ಜಾಸ್ತಿ ನೋಡಿದ್ದು ಹೋಟೆಲ್ ರೂಮನ್ನೇ. ನನ್ನ ಕೇಳಿದರೆ ಡಿಸೆಂಬರೇ ಬೇಡ, ಫೆಬ್ರವರಿ ಕೊನೆಗೆ ಹೋಗಿ. ಮಕ್ಕಳಿಗೆ ಕ್ರಿಸ್‌ಮಸ್ ರಜೆ ಇರುವುದು ಆಗಲೇ ಅಂದರೆ ಹೋಗಿ, ಆದರೆ ತಿಂಡಿ ತಿಂದು ಹತ್ತಕ್ಕೆ ಹೊರಡಿ. ಡ್ರೈವರ್ ಬೇಡ ಅಂದ ದಿನ ವಾದ ಮಾಡಬೇಡಿ.

ನಿಮ್ಮ ತಂದೆಯವರಿಗೆ ಎಲೆ ಅಡಕೆ ಅಭ್ಯಾಸ ಇದ್ದರೆ ಚೀಲ ಕಾರಿನಲ್ಲೇ ಬಿಡಲು ಹೇಳಿ. ನಮ್ಮಪ್ಪನ ಪೀಶಕತ್ತಿ ಲಾಕರಿನಲ್ಲೇ ಮರೆತುಹೋಯಿತು. ಈಗಲೂ ಊಟ ಆದ ಮೇಲೆ ಸೊಂಟ ತಡವಿ ನನ್ನ ಮುಖ ನೋಡುತ್ತಾರೆ.