ನಿಲ್ಲದ ಬಿರುಮಳೆಯ ಗ್ರಹ ಸಾಧ್ಯವೇ? ಸಾಧ್ಯ, ಆದರೆ ಅದಕ್ಕೊಂದು ಅರಸೀಕೆರೆ ಬೇಕು

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಕಾದಂಬರಿಗೆಂದು ಒಂದು ಗ್ರಹ ಕಟ್ಟಿದ್ದೀರಿ. ಗಾತ್ರ ಭೂಮಿಯಷ್ಟೇ, ಗಾಳಿ ನೀರು ನಮ್ಮದರಂತೆಯೇ. ಸಾವಿರಾರು ವರ್ಷಗಳಿಂದ ಇಡೀ ಗ್ರಹದ ಮೇಲೆ ಒಂದೇ ಸಮನೆ ಬಿರುಗಾಳಿ, ಮಳೆ, ಸಿಡಿಲು. ಜನ ಗುಹೆಗಳಲ್ಲಿ ಬದುಕುತ್ತಿದ್ದಾರೆ. ವಿಜ್ಞಾನ ಬಲ್ಲ ಓದುಗ ಇದನ್ನು ನೋಡಿ ನಗುತ್ತಾನಾ ಅಂತ ಕೇಳಿದ್ದೀರಿ. ಊರು ಅರಸೀಕೆರೆ ಅಂತಲೂ ಹೇಳಿದ್ದೀರಿ. ಆ ಊರು ಉತ್ತರದಲ್ಲಿ ಬರುತ್ತದೆ.

ಒಂದು ಜಾಗದ ಮೇಲೆ ಎಂದೂ ನಿಲ್ಲದ ಬಿರುಮಳೆ ಸಾಧ್ಯ. ಇಡೀ ಗ್ರಹದ ಮೇಲೆ ಸಾಧ್ಯವಿಲ್ಲ. ನಾನು ಹಾಸನದಲ್ಲಿ ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡುವವನು, ಮನೆ ಸಕಲೇಶಪುರದ ಕಡೆ ತೋಟದಲ್ಲಿ. ಹಾಗಾಗಿ ನಮ್ಮ ತೋಟದ ಲೆಕ್ಕದಲ್ಲೇ ಹೇಳುತ್ತೇನೆ.

ಕಾಫಿ ತೋಟದವರು ಮಳೆಯನ್ನು ಇವತ್ತಿಗೂ ಇಂಚು, ಸೆಂಟ್ಸ್‌ನಲ್ಲೇ ಅಳೆಯುತ್ತಾರೆ (ನೂರು ಸೆಂಟ್ಸ್‌ಗೆ ಒಂದು ಇಂಚು). ಪುನರ್ವಸು, ಪುಷ್ಯ ಮಳೆ ಹಿಡಿದರೆ ಬೆಳಿಗ್ಗೆ ಫೋನ್ ಮಾಡಿದವರೆಲ್ಲ ಮೊದಲು ಕೇಳುವುದು "ನಿಮ್ಮಲ್ಲಿ ಎಷ್ಟಾಯ್ತು?" ಅಂತ. ಜೋರಾದ ದಿನ ನಾಲ್ಕೈದು ಇಂಚು ಹೇಳಿದರೆ ಯಾರೂ ಹುಬ್ಬೇರಿಸುವುದಿಲ್ಲ. ಈಗ ನಿಮ್ಮ ಗ್ರಹದ ಮೇಲೆ ಪಾಪ, ದಿನಕ್ಕೆ ಬರೀ ಒಂದು ಇಂಚು ಸುರಿಸೋಣ. ಬಿದ್ದ ನೀರೆಲ್ಲ ಮೊದಲು ಆವಿಯಾಗಿ ಮೇಲೆ ಹೋಗಿರಬೇಕಲ್ಲ. ಒಂದು ಕಿಲೋ ನೀರು ಆವಿಯಾಗಲು ಸುಮಾರು 25 ಲಕ್ಷ ಜೂಲ್ ಶಾಖ ಬೇಕು. ಒಂದು ಚದರ ಮೀಟರಿನ ಮೇಲೆ ಒಂದು ಇಂಚು ಮಳೆ ಎಂದರೆ 25 ಕಿಲೋಗಿಂತ ಸ್ವಲ್ಪ ಹೆಚ್ಚು ನೀರು. ಇಷ್ಟನ್ನು 24 ಗಂಟೆಗೆ ಹಂಚಿದರೆ ಪ್ರತಿ ಚದರ ಮೀಟರಿಗೆ ಹಗಲೂ ರಾತ್ರಿ ಸುಮಾರು 735 ವ್ಯಾಟ್ ಬೇಕಾಗುತ್ತದೆ. ಭೂಮಿ ಸೂರ್ಯನಿಂದ ಹೀರಿಕೊಳ್ಳುವುದು ಸರಾಸರಿ 240 ವ್ಯಾಟ್ ಮಾತ್ರ. ದಿನಕ್ಕೆ ಒಂದು ಇಂಚಿಗೇ ಮೂರು ಪಟ್ಟು ಸಾಲ!

ನಿಜವಾದ ಭೂಮಿಯ ಸರಾಸರಿ ಮಳೆ ವರ್ಷಕ್ಕೆ ಹೆಚ್ಚುಕಡಿಮೆ ಒಂದು ಮೀಟರ್. ತೋಟದ ಭಾಷೆಯಲ್ಲಿ ದಿನಕ್ಕೆ 11 ಸೆಂಟ್ಸ್. ನಮ್ಮ ಕಡೆ ಅದನ್ನು ಮಳೆ ಅಂತ ಪುಸ್ತಕದಲ್ಲಿ ಬರೆಯಲೂ ಬೇಜಾರು.

ಸರಿ, ಗ್ರಹವನ್ನು ಸೂರ್ಯನ ಹತ್ತಿರ ಎಳೆದು ಶಾಖ ಹೆಚ್ಚಿಸಿದರೆ ಅಂತ ನೀವು ಕೇಳಬಹುದು. ಅಲ್ಲೂ ಒಂದು ಗೋಡೆಯಿದೆ. ಸಮುದ್ರವಿರುವ ಗ್ರಹ ಸರಾಸರಿ 300 ವ್ಯಾಟ್‌ನ ಆಸುಪಾಸಿಗಿಂತ ಹೆಚ್ಚು ಹೀರತೊಡಗಿದರೆ, ಅಷ್ಟು ಶಾಖವನ್ನು ಹೊರಗೆ ಚೆಲ್ಲಲು ಅದರ ಆವಿ ತುಂಬಿದ ವಾತಾವರಣ ಬಿಡುವುದಿಲ್ಲ. ಬಿಸಿ ಏರುತ್ತಾ ಹೋಗಿ ಸಮುದ್ರವೇ ಆವಿಯಾಗಿಬಿಡುತ್ತದೆ. ಶುಕ್ರ ಗ್ರಹದ ಕಥೆ ಹೀಗೇ ಆಗಿರಬಹುದು ಎಂಬ ವಾದವಿದೆ.

ಹಾಗಾದರೆ ನಮ್ಮಲ್ಲಿ ಒಂದೇ ದಿನಕ್ಕೆ ನಾಲ್ಕೈದು ಇಂಚು ಸುರಿಯುವುದು ಹೇಗೆ? ಆ ಶಾಖ ಸಕಲೇಶಪುರದ ಮೇಲೆ ಬಿದ್ದ ಬಿಸಿಲಿನದಲ್ಲ. ಹಿಂದೂ ಮಹಾಸಾಗರ, ಅರಬ್ಬೀ ಸಮುದ್ರದ ಸಾವಿರಾರು ಕಿಲೋಮೀಟರ್ ಉದ್ದಕ್ಕೂ ಬಿಸಿಲು ಎಬ್ಬಿಸಿದ ಆವಿಯನ್ನು ಗಾಳಿ ಹೊತ್ತು ತಂದು ಘಟ್ಟಕ್ಕೆ ಢಿಕ್ಕಿ ಹೊಡೆಸುತ್ತದೆ. ಅದೇ ಗಾಳಿ ಘಟ್ಟ ಇಳಿದು ಪೂರ್ವಕ್ಕೆ ಬರುವಷ್ಟರಲ್ಲಿ ನೀರು ಕಳೆದುಕೊಂಡಿರುತ್ತದೆ, ಇಳಿಯುತ್ತಾ ಬಿಸಿಯೂ ಆಗುತ್ತದೆ. ಒಂದೇ ಜಿಲ್ಲೆ, ನೂರು ಕಿಲೋಮೀಟರಿನ ಒಳಗೆ ಇಲ್ಲಿ ಏಲಕ್ಕಿ, ಅಲ್ಲಿ ಮಳೆ ಕಡಿಮೆಯ ನಿಮ್ಮ ಅರಸೀಕೆರೆಯಲ್ಲಿ ತೆಂಗು, ರಾಗಿ. ದೊಡ್ಡ ಲೆಕ್ಕದಲ್ಲೂ ಇದೇ ಕಥೆ. ಮುಂಗಾರಿನಲ್ಲಿ ಭಾರತದ ಮೇಲೆ ಏರಿದ ಗಾಳಿ ದಕ್ಷಿಣ ಹಿಂದೂ ಮಹಾಸಾಗರದಲ್ಲಿ, ಮಸ್ಕರೇನ್ ದ್ವೀಪಗಳ ಕಡೆ ಇಳಿಯುತ್ತದೆ. ಅನ್ನದ ಎಸರು ಕುದಿಯುವಾಗ ನಡುವೆ ಮೇಲೆದ್ದ ನೀರು ಅಂಚಿನಲ್ಲಿ ಕೆಳಗಿಳಿಯಲೇಬೇಕಲ್ಲ, ಹಾಗೆ. ಹಾಸನದಲ್ಲಿರುವ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್‌ನಿಂದ ನಡೆಸುವ ಇನ್ಸಾಟ್ ಉಪಗ್ರಹಗಳು ಕಳಿಸುವ ಚಿತ್ರವನ್ನು ಯಾವ ದಿನ ಬೇಕಾದರೂ ತೆಗೆದು ನೋಡಿ. ಬೆಳ್ಳಗೆ ಉಕ್ಕಿದ ಮೋಡದ ಗುಂಪಿನ ಪಕ್ಕದಲ್ಲಿ ಅದಕ್ಕಿಂತ ದೊಡ್ಡ ಖಾಲಿ ಜಾಗ ಇದ್ದೇ ಇರುತ್ತದೆ. ಹಾಗಾಗಿ ನಿಮ್ಮ ಗ್ರಹಕ್ಕೂ ಒಂದು ಅರಸೀಕೆರೆ ಬೇಕು, ಅದೂ ಸಕಲೇಶಪುರಕ್ಕಿಂತ ದೊಡ್ಡದು.

ಇಷ್ಟಾದ ಮೇಲೆ ಯಾರಾದರೂ ಗುರುಗ್ರಹದ ಕೆಂಪು ಕಲೆಯನ್ನು ಎತ್ತಿಯೇ ಎತ್ತುತ್ತಾರೆ. ಹೌದು, ಭೂಮಿಯನ್ನೇ ನುಂಗುವಷ್ಟು ದೊಡ್ಡ ಆ ಸುಳಿಯನ್ನು 1831ರಿಂದಲಾದರೂ ನೋಡುತ್ತಿದ್ದಾರೆ. ಆದರೆ ಗುರುವಿಗೆ ನೆಲವೇ ಇಲ್ಲ. ಗಾಳಿಯನ್ನು ತಡೆದು ಸವೆಸಲು ಬೆಟ್ಟವಿಲ್ಲ, ಕಾಡಿಲ್ಲ. ಜೊತೆಗೆ ಸಣ್ಣ ಸುಳಿಗಳನ್ನು ನುಂಗಿ ಅದು ಬಲ ಉಳಿಸಿಕೊಳ್ಳುತ್ತದೆ. ಅಷ್ಟಿದ್ದೂ 19ನೇ ಶತಮಾನದಿಂದ ಈಚೆಗೆ ಕುಗ್ಗುತ್ತಲೇ ಬಂದಿದೆ. ನೆಪ್ಚೂನಿನಲ್ಲಿ 1989ರಲ್ಲಿ ವಾಯೇಜರ್ 2 ಕಂಡ ಅಂಥದ್ದೇ ಕಪ್ಪು ಕಲೆ, 1994ರಲ್ಲಿ ಹಬಲ್ ದೂರದರ್ಶಕ ನೋಡುವಾಗ ಇರಲೇ ಇಲ್ಲ. ನಮ್ಮ ಭೂಮಿಯ ಚಂಡಮಾರುತಗಳಲ್ಲಿ ಅತಿ ಹೆಚ್ಚು ಬಾಳಿದ್ದು 2023ರ ಫ್ರೆಡ್ಡಿ, 36 ದಿನ. ನೆಲ ಹತ್ತಿದರೆ ಚಂಡಮಾರುತ ಸೊರಗುತ್ತದೆ. ಸಮುದ್ರದಲ್ಲೇ ಒಂದೆಡೆ ಕೂತರೆ ಅಡಿಯ ತಣ್ಣೀರನ್ನು ಕಲಕಿ ಮೇಲೆತ್ತಿ ತನ್ನ ಅನ್ನಕ್ಕೆ ತಾನೇ ಕಲ್ಲು ಹಾಕಿಕೊಳ್ಳುತ್ತದೆ. ನೆಲವಿರುವ ಗ್ರಹಕ್ಕೆ ಒಂದೇ ಸುಳಿಗಾಳಿಯನ್ನು ಸಾವಿರ ವರ್ಷ ಅಂಟಿಸುವ ಆಸೆ ಬಿಡಿ.

ಇಡೀ ಗ್ರಹವನ್ನು ಮುಚ್ಚುವ ಬಿರುಗಾಳಿಗೆ ನಿಜವಾದ ಉದಾಹರಣೆ ಮಂಗಳದ ಧೂಳು. 1971ರಲ್ಲಿ ಮ್ಯಾರಿನರ್ 9 ನೌಕೆ ಅಲ್ಲಿ ತಲುಪಿದಾಗ ಗ್ರಹವೆಲ್ಲ ಧೂಳಿನಲ್ಲಿ ಮುಚ್ಚಿ, ನೆಲದ ಚಿತ್ರ ತೆಗೆಯಲು ವಾರಗಟ್ಟಲೆ ಕಾಯಬೇಕಾಯಿತು. ಆಪರ್ಚುನಿಟಿ ರೋವರ್ 2018ರಲ್ಲಿ ಸುಮ್ಮನಾದದ್ದೂ ಇಂಥದ್ದೇ ಧೂಳಿನಿಂದ. ಆದರೆ ಆ ಧೂಳು ಬಿಸಿಲನ್ನೇ ತಡೆಯುವುದರಿಂದ ನೆಲ ತಣ್ಣಗಾಗಿ ಗಾಳಿಯ ಬಲ ಇಳಿಯುತ್ತದೆ, ಧೂಳು ಮೆಲ್ಲಗೆ ಕೂರುತ್ತದೆ. ಎಲ್ಲೆಡೆ ಹಬ್ಬಿದ್ದೇ ಅದಕ್ಕೆ ಮುಳುವು.

ಈಗ ಒಂದೇ ಜಾಗದ ವಿಷಯಕ್ಕೆ ಬರುತ್ತೇನೆ, ನಿಮ್ಮ ಕಥೆಗೆ ಲಾಭವಿರುವುದು ಇಲ್ಲೇ. ವೆನಿಜುವೆಲಾದ ಮರಕೈಬೊ ಸರೋವರಕ್ಕೆ ಕಟಟುಂಬೊ ನದಿ ಸೇರುವ ಕಡೆ ವರ್ಷಕ್ಕೆ ಸುಮಾರು 300 ರಾತ್ರಿ ಮಿಂಚು ಹೊಡೆಯುತ್ತದೆ. ಬೆಚ್ಚಗಿನ ನೀರು, ಮೂರು ಕಡೆ ಬೆಟ್ಟ, ರಾತ್ರಿ ಬೆಟ್ಟದಿಂದ ಇಳಿಯುವ ತಣ್ಣಗಿನ ಗಾಳಿ, ಇಷ್ಟೇ ಸಲಕರಣೆ. 2010ರ ಆರಂಭದಲ್ಲಿ ಬರ ಬಿದ್ದಾಗ ಅದೂ ಕೆಲವು ವಾರ ನಿಂತಿತ್ತು. ಭೂಮಿಯಲ್ಲಿ ಇದು ಪೂರ್ತಿ ನಿರಂತರವಾಗದಿರಲು ಕಾರಣ ಹಗಲು ರಾತ್ರಿ, ಋತುಗಳು. ಅವೆರಡನ್ನೂ ತೆಗೆದುಬಿಡಿ.

ಚಂದ್ರ ಭೂಮಿಗೆ ಒಂದೇ ಮುಖ ತೋರಿಸುವ ಹಾಗೆ ತನ್ನ ಸೂರ್ಯನಿಗೆ ಒಂದೇ ಮುಖ ತೋರಿಸುವ ಗ್ರಹ ಮಾಡಿಕೊಳ್ಳಿ. ಸಣ್ಣ ಕೆಂಪು ನಕ್ಷತ್ರಗಳ ಹತ್ತಿರ ಸುತ್ತುವ ಗ್ರಹಗಳು ಹೀಗೇ ಇರುವ ಸಂಭವ ಹೆಚ್ಚು. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿಯ ಸುತ್ತ 11 ದಿನಕ್ಕೊಮ್ಮೆ ಸುತ್ತುವ, 2016ರಲ್ಲಿ ಪತ್ತೆಯಾದ ಗ್ರಹವೂ ಬಹುಶಃ ಹಾಗೇ. ಅಂಥ ಗ್ರಹದಲ್ಲಿ ಒಂದು ಜಾಗಕ್ಕೆ ಸದಾ ನಡುಮಧ್ಯಾಹ್ನ. ಅಲ್ಲಿ ಗಾಳಿ ಏರುತ್ತಲೇ ಇರುತ್ತದೆ, ಸುತ್ತಲಿನ ತೇವದ ಗಾಳಿ ಒಳಕ್ಕೆ ನುಗ್ಗುತ್ತಲೇ ಇರುತ್ತದೆ. 2013ರಲ್ಲಿ ಪ್ರಕಟವಾದ ಕಂಪ್ಯೂಟರ್ ಮಾದರಿಗಳಲ್ಲೂ ಸರಿಯಾಗಿ ಆ ನೆತ್ತಿಯ ಮೇಲೇ ದಟ್ಟ ಮೋಡದ ಛಾವಣಿ ಕಟ್ಟಿತು. ಆ ಛಾವಣಿ ಬಿಸಿಲನ್ನು ವಾಪಸ್ ಅಟ್ಟಿ ಗ್ರಹವನ್ನು ಬೇಯದಂತೆ ಕಾಯುತ್ತದೆ. ಗಾಳಿ ಇಳಿಯುವ ಅರಸೀಕೆರೆ ಆಚೆ, ಕತ್ತಲ ಭಾಗದ ಕಡೆ.

ಎರಡು ತಿದ್ದುಪಡಿ ಮಾಡಿಕೊಳ್ಳಬೇಕಾಗುತ್ತದೆ. ಇಂಥ ಗ್ರಹ ನಿಧಾನವಾಗಿ ತಿರುಗುವುದರಿಂದ ಚಂಡಮಾರುತದ ಸುಳಿ, ನಡುವೆ ಶಾಂತವಾದ ಕಣ್ಣು, ಇವನ್ನು ಬಿಡಿ. ಸುಳಿಯಿಲ್ಲದ ಮಳೆ, ಗುಡುಗು ಇಟ್ಟುಕೊಳ್ಳಿ. ನೀರು ಕತ್ತಲ ಭಾಗದಲ್ಲಿ ಹಿಮವಾಗಿ ಸಿಕ್ಕಿಕೊಂಡರೆ ಮಳೆ ಬತ್ತುತ್ತದೆ, ಆದ್ದರಿಂದ ನಡುವಿನ ಎತ್ತರದ ನಾಡನ್ನು ಸಮುದ್ರ ಸುತ್ತುವರಿದಿರಲಿ.

ಜನರನ್ನೂ ನಡುವಿನ ಗುಹೆಗಳಿಂದ ಹೊರಗೆ ತನ್ನಿ ಅನ್ನುವುದು ನನ್ನ ಸಲಹೆ. ಅಲ್ಲಿ ಮಣ್ಣೇ ಉಳಿಯುವುದಿಲ್ಲ, ಏನು ಬೆಳೆದಾರು? ಮಳೆ ತೆಳುವಾಗುವ ಅಂಚಿನಲ್ಲಿ ಅವರಿಗೆ ಸೂರ್ಯ ಸದಾ ಬಿರುಮಳೆಯ ಮೇಲುಗಡೆಯೇ, ಒಂದೇ ಎತ್ತರದಲ್ಲಿ ಕಾಣುತ್ತಾನೆ. ಬಿರುಮಳೆಯ ಒಳಗೆ ಹುಟ್ಟಿದವರು ಅವನನ್ನು ಕಂಡೇ ಇರುವುದಿಲ್ಲ. ನದಿಗಳು ನಡುವಿನಿಂದ ಎಲ್ಲ ದಿಕ್ಕಿಗೂ ಹೊರಕ್ಕೆ ಹರಿಯುತ್ತವೆ, ಗಾಳಿ ಎಲ್ಲ ದಿಕ್ಕಿನಿಂದಲೂ ಒಳಕ್ಕೆ ಬೀಸುತ್ತದೆ. ನೈಲ್ ನದಿಯಲ್ಲಿ ಪ್ರವಾಹ ಉತ್ತರಕ್ಕೆ, ಗಾಳಿ ದಕ್ಷಿಣಕ್ಕೆ ಇದ್ದುದರಿಂದಲೇ ಈಜಿಪ್ಟಿನ ದೋಣಿಗಳು ಹರಿವಿನ ಜೊತೆ ಇಳಿದು, ಹಾಯಿ ಎತ್ತಿ ವಾಪಸ್ ಏರುತ್ತಿದ್ದವು. ನಿಮ್ಮವರು ಕರಾವಳಿಯ ಉಪ್ಪನ್ನು ಹಾಯಿಯ ಬಲದಲ್ಲಿ ಒಳನಾಡಿಗೆ ತಂದು, ಅಲ್ಲಿಯ ಮರ, ಲೋಹವನ್ನು ಹೊಳೆಯ ಮೇಲೆ ತೇಲಿಸಿ ಕೆಳಕ್ಕೆ ಒಯ್ಯಬಹುದು. ಹುಟ್ಟು ಹಾಕುವ ಕಷ್ಟ ಎರಡೂ ಕಡೆಗಿಲ್ಲ.