ಕಿಟಕಿ ತೆರೆದಿತ್ತಾ? ಆಗ ಗಂಟೆ ಎಷ್ಟು?

ಓದುಗರ ಪ್ರಶ್ನೆ – ಕಂಪ್ಯೂಟರ್ ಮತ್ತು ನಾವು
(ಉತ್ತರಿಸುವವರು: ಮಡಿಕೇರಿಯಲ್ಲಿ ಕಂಪ್ಯೂಟರ್ ವಿಜ್ಞಾನ ಕಲಿಸುವ ಅಧ್ಯಾಪಕಿ)

ಪ್ರಶ್ನೆ: ಮೇಡಂ, ನಾವು ಬಿಸಿಎ ಕೊನೆಯ ವರ್ಷದ ನಾಲ್ವರು. ಕೊರೊನಾದಂಥ ಕಾಯಿಲೆ ಮತ್ತೆ ಬಂದರೆ ಯಾವ ಹೋಟೆಲ್, ಹೋಂಸ್ಟೇ, ಅಂಗಡಿ ಎಷ್ಟು ಸುರಕ್ಷಿತ ಅಂತ ಹೋಗಿ ಬಂದವರೇ ಬರೆಯುವ ವೆಬ್‌ಸೈಟ್ ಮಾಡುತ್ತಿದ್ದೇವೆ. ಮಾಸ್ಕ್, ಸ್ಯಾನಿಟೈಜರ್, ಟೆಂಪರೇಚರ್ ಚೆಕ್, ಅಂತರ ಈ ನಾಲ್ಕಕ್ಕೂ ಐದರಲ್ಲಿ ಇಷ್ಟು ಅಂತ ಸ್ಟಾರ್ ಕೊಡಬಹುದು. ಆದರೆ ನಮ್ಮ ಗೈಡ್ 'ಕೊರೊನಾ ಮುಗಿದ ಕಥೆ, ಬೇರೆ ವಿಷಯ ನೋಡಿ' ಅಂತಾರೆ. ಮುಂದುವರಿಸೋಣವಾ?
– ವಿದ್ಯಾರ್ಥಿನಿ, ಗೋಣಿಕೊಪ್ಪ

ಉತ್ತರ: ಖಂಡಿತ ಮುಂದುವರಿಸಿ. ಮುಗಿದಿದೆ ಅನ್ನುವ ಈ ಹೊತ್ತೇ ಇದಕ್ಕೆ ಸರಿಯಾದ ಹೊತ್ತು. 2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೊರೊನಾವನ್ನು ಜಾಗತಿಕ ಸಾಂಕ್ರಾಮಿಕ ಅಂತ ಘೋಷಿಸಿತು. ಮಾರ್ಚ್ 25ಕ್ಕೆ ದೇಶ ಪೂರ್ತಿ ಬಂದ್. ನಡುವೆ ಸಿಕ್ಕಿದ್ದು ಎರಡೇ ವಾರ. ಅಷ್ಟರಲ್ಲಿ ಒಳ್ಳೆಯ ವೆಬ್‌ಸೈಟ್ ಕಟ್ಟೋಕಾಗಲ್ಲ, ಕಟ್ಟಿದರೂ ಏನು ಕೇಳಬೇಕು ಅಂತ ಆಗ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಈಗ ಗೊತ್ತಿದೆ. ನಿಮ್ಮ ಗೈಡ್‌ಗೆ ಇದನ್ನೇ ಹೇಳಿ.

ಆದರೆ ನಿಮ್ಮ ನಾಲ್ಕು ಪ್ರಶ್ನೆಗಳು ಮಾತ್ರ 2020ರಲ್ಲೇ ನಿಂತಿವೆ.

ಟೆಂಪರೇಚರ್ ಗನ್ ತಗೊಳ್ಳಿ. ಆ ವರ್ಷ ಜೂನ್ 8ರ ನಂತರ ಹೋಟೆಲ್‌ಗಳು ಬಾಗಿಲು ತೆರೆದವು. ಮಡಿಕೇರಿಯ ಮಳೆಯಲ್ಲಿ ಸ್ಕೂಟರ್ ಓಡಿಸಿಕೊಂಡು ಬಂದು ನಿಂತವರ ಹಣೆಗೆ ಗನ್ ಹಿಡಿದರೆ 34 ಡಿಗ್ರಿ ತೋರಿಸುತ್ತಿತ್ತು. ಗನ್ ಅಳೆಯುವುದು ಚರ್ಮದ ಬಿಸಿಯನ್ನು. ಚಳಿಗೆ ಚರ್ಮ ತಣ್ಣಗಾದರೆ ಒಳಗೆ ಜ್ವರ ಇದ್ದರೂ ಅದಕ್ಕೆ ತಿಳಿಯುವುದಿಲ್ಲ. ಜ್ವರವೇ ಇಲ್ಲದೆ ಸೋಂಕು ಹಂಚುವವರಂತೂ ಸಲೀಸಾಗಿ ಒಳಗೆ ಹೋಗುತ್ತಾರೆ. ಇನ್ನು ಸ್ಯಾನಿಟೈಜರ್. ಮುಟ್ಟಿದ ವಸ್ತುವಿನಿಂದ ಕೊರೊನಾ ಹರಡುವ ಸಾಧ್ಯತೆ ಒಂದು ಸಲದ ಸ್ಪರ್ಶಕ್ಕೆ 10,000ದಲ್ಲಿ ಒಂದಕ್ಕಿಂತ ಕಡಿಮೆ ಅಂತ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರ ಏಪ್ರಿಲ್‌ನಲ್ಲೇ ಹೇಳಿತು. ಕೈ ತೊಳೆಯುವುದು ಒಳ್ಳೆಯದೇ, ಬೇರೆ ಎಷ್ಟೋ ಕಾಯಿಲೆ ಅದರಿಂದ ತಪ್ಪುತ್ತದೆ. ಆದರೆ ಬಾಗಿಲಲ್ಲಿ ಬಾಟಲಿ ಇಟ್ಟಿದ್ದಾರೆ ಅಂತ ಐದು ಸ್ಟಾರ್ ಕೊಟ್ಟರೆ, ಒಳಗಿನ ಉಸಿರು ಕಟ್ಟುವ ಹಾಲ್‌ಗೂ ನೀವು ಸರ್ಟಿಫಿಕೇಟ್ ಕೊಟ್ಟ ಹಾಗಾಯಿತು.

ಕೊರೊನಾ ಮುಖ್ಯವಾಗಿ ಹರಡುವುದು ಉಸಿರಿನ ಗಾಳಿಯಿಂದ, ಹಾಗಾಗಿ ಕೇಳಬೇಕಾದದ್ದು ಗಾಳಿಯ ಬಗ್ಗೆ. 2020ರ ಜನವರಿಯಲ್ಲಿ ಚೀನಾದ ಗ್ವಾಂಗ್‌ಝೌನ ಒಂದು ರೆಸ್ಟೋರೆಂಟ್‌ನಲ್ಲಿ ಅಕ್ಕಪಕ್ಕದ ಮೂರು ಟೇಬಲ್‌ಗಳಲ್ಲಿ ಕೂತು ಉಂಡ ಮೂರು ಕುಟುಂಬಗಳಲ್ಲಿ, ಮೊದಲೇ ಸೋಂಕಿದ್ದ ಒಬ್ಬರೂ ಸೇರಿ, 10 ಜನಕ್ಕೆ ಸೋಂಕು ಕಂಡುಬಂತು. ಕಿಟಕಿ ಇರಲಿಲ್ಲ. ಎಸಿ ಅದೇ ಗಾಳಿಯನ್ನು ಆ ಮೂರು ಟೇಬಲ್‌ಗಳ ನಡುವೆ ತಿರುಗಿಸುತ್ತಿತ್ತು. ನಮ್ಮ ಮನೆಗಳಲ್ಲಿ ಗೋಡೆಗೆ ಹಾಕುವ ಸ್ಪ್ಲಿಟ್ ಎಸಿ ಮಾಡುವುದೂ ಅಷ್ಟೇ. ಒಳಗಿನ ಗಾಳಿಯನ್ನೇ ತಣ್ಣಗೆ ಮಾಡಿ ಮತ್ತೆ ಒಳಗೇ ಬಿಡುತ್ತದೆ. ಜಪಾನಿನವರು ಶುರುವಿನಲ್ಲೇ ಮೂರು ಎಚ್ಚರಿಕೆ ಹೇಳಿದ್ದರು: ಮುಚ್ಚಿದ ಜಾಗ, ತುಂಬಿದ ಜಾಗ, ಹತ್ತಿರ ಕೂತು ಮಾತಾಡುವ ಜಾಗ. ನಿಮ್ಮ ಫಾರಂ ಅಲ್ಲಿಂದ ಶುರುವಾಗಲಿ. ಕಿಟಕಿ ತೆರೆದಿತ್ತಾ? ಒಳಗೆ ಸುಮಾರು ಎಷ್ಟು ಜನ ಇದ್ದರು? ನೀವು ಎಷ್ಟು ಹೊತ್ತು ಕೂತಿರಿ? ಹೊರಗೆ, ಜಗಲಿಯಲ್ಲಿ ಕೂರುವ ವ್ಯವಸ್ಥೆ ಇತ್ತಾ? ಬಡಿಸುವವರು ಮಾಸ್ಕ್ ಹಾಕಿದ್ದರಾ? ಇಷ್ಟು ಸಾಕು. ಇದಕ್ಕಿಂತ ಜಾಸ್ತಿ ಕೇಳಿದರೆ ಯಾರೂ ತುಂಬಲ್ಲ.

ಎಲ್ಲದಕ್ಕೂ ಮೇಲೆ, ತಾರೀಖು ಮತ್ತು ಗಂಟೆ. ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಏಪ್ರಿಲ್‌ನಲ್ಲಿ ಎಲ್ಲ ಕಿಟಕಿ ತೆರೆದಿಟ್ಟ ಅದೇ ಹೋಟೆಲ್ ಜುಲೈನಲ್ಲಿ ಒಂದನ್ನೂ ತೆರೆಯುವುದಿಲ್ಲ. ಗಾಳಿಮಳೆ ಒಳಗೆ ನುಗ್ಗುತ್ತದೆ. ಮಂಗಳವಾರ ಮಧ್ಯಾಹ್ನ ನಾಲ್ಕು ಜನ ಇರುವ ಜಾಗ ಶನಿವಾರ ರಾತ್ರಿ ಬೆಂಗಳೂರಿನ ಗಾಡಿಗಳು ಬಂದ ಮೇಲೆ ಕಾಲಿಡಲಾಗದಷ್ಟು ತುಂಬುತ್ತದೆ. ಶುಕ್ರವಾರ ಮಡಿಕೇರಿ ಸಂತೆಗೆ ಬೆಳಗ್ಗೆ ಏಳಕ್ಕೆ ಹೋದವರೂ ಹನ್ನೊಂದಕ್ಕೆ ಹೋದವರೂ ನೋಡುವುದು ಬೇರೆ ಬೇರೆ ಸಂತೆ. ಹಾಗಿರುವಾಗ 'ಈ ಹೋಟೆಲ್‌ಗೆ 4.2 ಸ್ಟಾರ್' ಅಂದರೆ ಏನು ಅರ್ಥ ಬಂತು? ಸುಮ್ನೆ ಒಂದು ಸಂಖ್ಯೆ ಅಷ್ಟೇ. ಸ್ಟಾರ್ ತೆಗೆದುಬಿಡಿ. 'ಈ ತಿಂಗಳು ಸಂಜೆ ಹೊತ್ತಿಗೆ ಹೋದ 5 ಜನರಲ್ಲಿ 4 ಜನ ಕಿಟಕಿ ಮುಚ್ಚಿತ್ತು ಅಂದಿದ್ದಾರೆ' ಅಂತ ತೋರಿಸಿ. ಓದುವವರಿಗೆ ಯಾವಾಗ ಹೋಗಬೇಕು ಅಂತ ತಿಳಿಯುತ್ತದೆ, ಮಾಲೀಕರಿಗೆ ಏನು ಸರಿಮಾಡಬೇಕು ಅಂತ ತಿಳಿಯುತ್ತದೆ. ಎರಡು ತಿಂಗಳು ಹಳೆಯದಾದ ಬರಹ ತಾನಾಗಿಯೇ ಕೆಳಗೆ ಹೋಗಲಿ.

ಕಾರ್ಬನ್ ಡೈಆಕ್ಸೈಡ್ ಮೀಟರ್ ಒಂದು ನಿಮ್ಮ ತಂಡದ ಹತ್ತಿರ ಇದ್ದರೆ ಒಳ್ಳೆಯದು. ಹೊರಗಿನ ಗಾಳಿಯಲ್ಲಿ ಇದು ಹತ್ತು ಲಕ್ಷಕ್ಕೆ ಸುಮಾರು 420 ಭಾಗ ಇರುತ್ತದೆ. ನಾವು ಬಿಡುವ ಉಸಿರಿನಲ್ಲಿ ಸುಮಾರು 40,000. ಕೋಣೆಯೊಳಗೆ 800ರ ಒಳಗಿದ್ದರೆ ಗಾಳಿ ಚೆನ್ನಾಗಿ ಆಡುತ್ತಿದೆ ಅನ್ನಬಹುದು. 1500, 2000 ಆದರೆ ಒಬ್ಬರು ಬಿಟ್ಟ ಉಸಿರನ್ನೇ ಇನ್ನೊಬ್ಬರು ಎಳೆದುಕೊಳ್ಳುತ್ತಿದ್ದಾರೆ ಅಂತ. ಎರಡು ವಿಷಯ ನೆನಪಿಡಿ. ಬೆಂಕಿಗೂಡಿನಲ್ಲಿ ಸೌದೆ ಉರಿಯುತ್ತಿದ್ದರೆ, ಪಕ್ಕದಲ್ಲೇ ಗ್ಯಾಸ್ ಒಲೆ ಇದ್ದರೆ, ಮೀಟರ್ ಅದನ್ನೂ ಲೆಕ್ಕಕ್ಕೆ ತಗೊಳ್ಳುತ್ತದೆ. ಜನರ ಉಸಿರು ಯಾವುದು, ಒಲೆಯದು ಯಾವುದು ಅಂತ ಬಿಡಿಸಿ ಹೇಳುವುದಿಲ್ಲ. ಹಾಗೆಯೇ ತೀರಾ ಅಗ್ಗದ ಕೆಲವು ಮೀಟರ್‌ಗಳು ಈ ಅನಿಲವನ್ನು ಅಳೆಯುವುದೇ ಇಲ್ಲ, ಬೇರೆ ಆವಿಗಳಿಂದ ಅಂದಾಜು ಕಟ್ಟುತ್ತವೆ. ಅದರ ಮುಂದೆ ಸ್ಯಾನಿಟೈಜರ್ ಹೊಡೆದರೆ ಅಂಕಿ ಜಿಗಿಯುತ್ತದೆ. ಕೊಳ್ಳುವಾಗ ಈ ಅನಿಲವನ್ನೇ ನೇರವಾಗಿ ಅಳೆಯುವ ಎನ್‌ಡಿಐಆರ್ ಸೆನ್ಸರ್ ಇದೆಯಾ ಅಂತ ಕೇಳಿ.

ಈಗ ಮನಸ್ಸಿಗೆ ಹತ್ತಿರದ ವಿಷಯ. ಎರಡನೇ ಅಲೆಯಲ್ಲಿ ಸಿದ್ದಾಪುರದ ಕಡೆ ಒಂದು ಪುಟ್ಟ ಬೇಕರಿಯ ಬಗ್ಗೆ ವಾಟ್ಸಾಪ್‌ನಲ್ಲಿ ಮೆಸೇಜ್ ಹರಿದಾಡಿತು. ಅಲ್ಲಿ ಕೆಲಸಕ್ಕಿದ್ದ ಹುಡುಗನಿಗೆ ಪಾಸಿಟಿವ್, ಯಾರೂ ಹೋಗಬೇಡಿ ಅಂತ. ಹುಡುಗ ಹುಷಾರಾಗಿ ವಾಪಸ್ ಬಂದ. ಮೆಸೇಜ್ ಮಾತ್ರ ಹುಷಾರಾಗಲಿಲ್ಲ. ಅದರಲ್ಲಿ ತಾರೀಖು ಇರಲಿಲ್ಲ, ಯಾರು ಬರೆದದ್ದು ಅಂತ ಇರಲಿಲ್ಲ, ಉತ್ತರ ಕೊಡೋಕೆ ಜಾಗವೂ ಇರಲಿಲ್ಲ. ಯಾರಿಗೋ ಬಂದ ಕಾಯಿಲೆ ಅಂಗಡಿಯ ಹೆಸರಿಗೆ ಅಂಟಿಕೊಂಡು ತಿಂಗಳುಗಟ್ಟಲೆ ಕೂತಿತು. ನಿಮ್ಮ ವೆಬ್‌ಸೈಟ್ ಇನ್ನೊಂದು ಅಂಥ ಮೆಸೇಜ್ ಆಗಬಾರದು. ಯಾರಿಗೆ ಕಾಯಿಲೆ ಬಂದಿದೆ ಅನ್ನುವುದನ್ನು ಬರೆಯಲು ಜಾಗವನ್ನೇ ಇಡಬೇಡಿ. ಯಾರಾದರೂ ಬರೆದರೆ ತೆಗೆಯಿರಿ. ಫೋಟೋದಲ್ಲಿ ಮುಖ ಬೇಡ. ಬರೆಯುವವರಿಂದ ಫೋನ್ ನಂಬರ್ ತಗೊಂಡರೆ ಅದು ಎಲ್ಲೂ ಕಾಣಬಾರದು. ಆಗ ಹೋಟೆಲ್ ಬಾಗಿಲ ರಿಜಿಸ್ಟರ್‌ನಲ್ಲಿ ನಮ್ಮ ನಂಬರ್ ಬರೆಯುವಾಗ ಹಿಂದಿನ ಇಪ್ಪತ್ತು ಜನರ ನಂಬರೂ ಕಾಣುತ್ತಿತ್ತಲ್ವಾ, ಅಂಥದ್ದು ಮತ್ತೆ ಬೇಡ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯನ್ನು ಒಮ್ಮೆ ಓದಿ. 18 ವರ್ಷದೊಳಗಿನವರ ಮಾಹಿತಿಗೆ ಅದು ತಂದೆ ತಾಯಿಯ ಒಪ್ಪಿಗೆ ಕೇಳುತ್ತದೆ.

ನೆಟ್‌ವರ್ಕ್ ವಿಷಯ ನಿಮಗೇ ಗೊತ್ತು. 2020ರಲ್ಲಿ ಶನಿವಾರಸಂತೆ ಹತ್ತಿರದ ಮುಳ್ಳೂರಿನಲ್ಲಿ ಒಬ್ಬ ಶಿಕ್ಷಕರು ಸಿಗ್ನಲ್‌ಗಾಗಿ ಮರದ ಮೇಲೆ ಅಟ್ಟಣೆ ಕಟ್ಟಿಕೊಂಡು ಮಕ್ಕಳಿಗೆ ಪಾಠ ಮಾಡಿದರು. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದರೆ ಟವರೂ ಹೋಗುತ್ತದೆ. ಆದ್ದರಿಂದ ದೊಡ್ಡ ಚಿತ್ರ, ವಿಡಿಯೋ ಬೇಡ. ಸಿಗ್ನಲ್ ಇಲ್ಲದಾಗ ಬರೆದದ್ದು ಫೋನಿನಲ್ಲೇ ಉಳಿದು, ಸಿಕ್ಕಾಗ ಹೋಗುವ ಹಾಗೆ ಮಾಡಿ. ಬ್ರೌಸರ್‌ನ ಹಿನ್ನೆಲೆಯಲ್ಲಿ ಕೆಲಸ ಮಾಡುವ ಸರ್ವಿಸ್ ವರ್ಕರ್ ಅನ್ನುವ ಕೋಡ್ ಬಳಸಿದರೆ ಕಷ್ಟವಿಲ್ಲ. ಕನ್ನಡ ಮೊದಲು, ಜೊತೆಗೆ ಮಲಯಾಳಂ ಮತ್ತು ಹಿಂದಿ ಇರಲಿ.

ಕೊನೆಗೆ, ನಿಮ್ಮ ಪಟ್ಟಿಯಲ್ಲಿ ಇಲ್ಲದ ಜಾಗಗಳು. ಹೋಟೆಲ್ ಸರಿಯಿಲ್ಲ ಅಂದರೆ ನಾವು ಇನ್ನೊಂದಕ್ಕೆ ಹೋಗಬಹುದು. ಕಾಫಿ ಕುಯ್ಲಿನ ಕಾಲದಲ್ಲಿ ಬೆಳಗ್ಗೆ ಪಿಕಪ್ ಜೀಪಿನಲ್ಲಿ ಒತ್ತಿಕೊಂಡು ನಿಂತು ತೋಟಕ್ಕೆ ಹೋಗುವವರಿಗೆ ಇನ್ನೊಂದು ಜೀಪು ಎಲ್ಲಿದೆ? ತೋಟದ ಕಾರ್ಮಿಕರ ಲೈನ್ ಮನೆಯ ಒಂದೇ ಕೋಣೆಯಲ್ಲಿ ಮಲಗುವವರಿಗೆ? ಆಸ್ಪತ್ರೆಯಲ್ಲಿ ಚೀಟಿ ಹಿಡಿದು ಕಾಯುವವರಿಗೆ? ಬಡಿಸುವ ಹುಡುಗ ಅದೇ ಹಾಲ್‌ನಲ್ಲಿ ದಿನವಿಡೀ ಇರುತ್ತಾನೆ, ನೀವು ಅರ್ಧ ಗಂಟೆ. ಈ ಜಾಗಗಳನ್ನು ಸೇರಿಸಿ. ಅಲ್ಲಿರುವವರು ತಾವಾಗಿ ಬಂದು ಬರೆಯುವುದಿಲ್ಲ, ನೀವೇ ಹೋಗಿ ಕೇಳಬೇಕು. ಬಂದ ಉತ್ತರಗಳನ್ನು ಒಟ್ಟು ಮಾಡಿ ಪಂಚಾಯತಿಗೆ, ತಾಲೂಕು ಆರೋಗ್ಯಾಧಿಕಾರಿಗೆ ಕೊಡಿ. ಮಾತಾಡಿದವರ ಹೆಸರು, ತೋಟದ ಹೆಸರು ಮಾತ್ರ ಹಾಕಬೇಡಿ. ಅವರ ಕೆಲಸ ಹೋಗಬಾರದು.

ಪ್ರಶ್ನೆ: ನಮಗೆ ಕೇರಳ ಹತ್ತಿರ. ನಿಫಾ ಬಂದರೂ ಇಂಥ ವೆಬ್‌ಸೈಟ್ ನೋಡಿದರೆ ಸಾಕಾ?
– ಓದುಗರು, ಕುಟ್ಟ

ಉತ್ತರ: ಸಾಲದು. ಕೋಯಿಕ್ಕೋಡ್‌ನಲ್ಲಿ 2018ರಲ್ಲೂ 2023ರಲ್ಲೂ ಬಂದ ನಿಫಾ ಹರಡುವ ದಾರಿ ಬೇರೆ. ಹಣ್ಣು ತಿನ್ನುವ ಬಾವಲಿಯಿಂದ ಬರುತ್ತದೆ, ಆಮೇಲೆ ರೋಗಿಯ ತೀರಾ ಹತ್ತಿರ ಇದ್ದು ಆರೈಕೆ ಮಾಡುವವರಿಗೆ ಹರಡುತ್ತದೆ. ಅಲ್ಲಿ ಹೋಟೆಲ್ ಕಿಟಕಿಯ ಲೆಕ್ಕ ಹೆಚ್ಚು ಉಪಯೋಗಕ್ಕೆ ಬರಲ್ಲ. ಬಾವಲಿ ಕಚ್ಚಿದ, ಕೆಳಗೆ ಬಿದ್ದ ಹಣ್ಣು ತಿನ್ನಬೇಡಿ. ಅನುಮಾನ ಇದ್ದರೆ ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿ. ಡೆಂಗಿಗೂ ಹಾಗೇ, ಅಲ್ಲಿ ನೋಡಬೇಕಾದದ್ದು ನಿಂತ ನೀರನ್ನು. ಗೋಣಿಕೊಪ್ಪದ ಮಕ್ಕಳೂ ಇದನ್ನು ಗಮನಿಸಿ: ಕಾಯಿಲೆ ಬದಲಾದರೆ ಫಾರಂನ ಪ್ರಶ್ನೆಗಳೂ ಬದಲಾಗುವ ಹಾಗೆ ಕೋಡ್ ಬರೆಯಿರಿ.

ಪ್ರಶ್ನೆ: ನಾವು ಮನೆಯಲ್ಲೇ ನಾಲ್ಕು ರೂಮ್ ಇಟ್ಟುಕೊಂಡು ಹೋಂಸ್ಟೇ ನಡೆಸುತ್ತೇವೆ. ಈಗಲೇ ಯಾರ್ಯಾರೋ ಏನೇನೋ ರಿವ್ಯೂ ಬರೆಯುತ್ತಾರೆ. ಇನ್ನು ಆರೋಗ್ಯದ ವಿಷಯದಲ್ಲೂ ಬರೆದರೆ ನಮ್ಮ ಗತಿ? ಮಳೆಗಾಲದಲ್ಲಿ ಕಿಟಕಿ ತೆರೆದರೆ ಹಾಸಿಗೆಯೆಲ್ಲ ಒದ್ದೆ.
– ಗೃಹಿಣಿ, ಮಡಿಕೇರಿ ಸಮೀಪ

ಉತ್ತರ: ನಿಮ್ಮ ಆತಂಕ ನ್ಯಾಯವಾದದ್ದೇ ಅಕ್ಕ. 2018ರ ಭೂಕುಸಿತ, ಮತ್ತೆ ಮಳೆ, ಆಮೇಲೆ ಕೊರೊನಾ, ಹೀಗೆ ಸಾಲಾಗಿ ಪೆಟ್ಟು ತಿಂದವರು ನೀವು. ಭಾರತೀಯ ಮಾನಕ ಸಂಸ್ಥೆ 2022ರಲ್ಲಿ ಆನ್‌ಲೈನ್ ರಿವ್ಯೂಗಳಿಗೆ ಐಎಸ್ 19000 ಅನ್ನುವ ಮಾನದಂಡ ತಂದಿದೆ. ಬರೆದವರು ನಿಜವಾದ ವ್ಯಕ್ತಿಯೇ ಅಂತ ವೆಬ್‌ಸೈಟಿನವರು ಪರಿಶೀಲಿಸಬೇಕು ಅನ್ನುವುದು ಅದರಲ್ಲಿದೆ. ವಿದ್ಯಾರ್ಥಿಗಳ ವೆಬ್‌ಸೈಟ್ ಆದರೂ ಪ್ರತಿ ಬರಹದ ಕೆಳಗೆ ಮಾಲೀಕರ ಉತ್ತರಕ್ಕೆ ಜಾಗ ಕೇಳಿ, ಅದು ನಿಮಗೆ ಸಿಗಲೇಬೇಕು.

ಕಿಟಕಿಗೆ ಉಪಾಯ ಇದೆ. ನಮ್ಮ ಹಳೆಯ ಮನೆಗಳಲ್ಲಿ ಗೋಡೆಯ ಮೇಲ್ಭಾಗದಲ್ಲಿ ವೆಂಟಿಲೇಟರ್ ಇರುತ್ತದೆ. ಚಳಿ ಅಂತ ಎಷ್ಟೋ ಜನ ಅದಕ್ಕೆ ಪ್ಲಾಸ್ಟಿಕ್ ಬಡಿದಿರುತ್ತಾರೆ. ತೆಗೆಯಿರಿ. ಸೂರು ಮುಂದೆ ಚಾಚಿರುವುದರಿಂದ ಅಷ್ಟು ಮೇಲಕ್ಕೆ ಎರಚಲು ಬರುವುದು ಕಮ್ಮಿ. ಊಟದ ಹಾಲ್‌ಗೆ ಒಂದು ಎಕ್ಸಾಸ್ಟ್ ಫ್ಯಾನ್ ಹಾಕಿಸಿ. ಎದುರು ಗೋಡೆಯ ಕಿಟಕಿಯನ್ನು ನಾಲ್ಕು ಬೆರಳು ತೆರೆದಿಡಿ, ಇಲ್ಲದಿದ್ದರೆ ಫ್ಯಾನ್‌ಗೆ ಎಳೆಯಲು ಗಾಳಿಯೇ ಇರಲ್ಲ. ಬೇರೆ ಬೇರೆ ಕುಟುಂಬಗಳಿಗೆ ಬೇರೆ ಹೊತ್ತಿಗೆ ಊಟ ಕೊಡಿ, ಆದಷ್ಟು ಜಗಲಿಯಲ್ಲಿ. ಇನ್ನೊಂದು ಮಾತು, ಇದು ಯಾವ ಸಾಂಕ್ರಾಮಿಕಕ್ಕೂ ಸಂಬಂಧ ಇಲ್ಲದ್ದು. ಚಳಿ ಅಂತ ಅತಿಥಿಗಳು ಕ್ಯಾಂಪ್‌ಫೈರ್‌ನ ಕೆಂಡ ತಂದು ರೂಮಿನಲ್ಲಿಟ್ಟು ಬಾಗಿಲು ಹಾಕಿ ಮಲಗಲು ಬಿಡಲೇಬೇಡಿ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತದೆ.

ಗೋಣಿಕೊಪ್ಪದ ಮಕ್ಕಳು ಕಾರ್ಬನ್ ಡೈಆಕ್ಸೈಡ್ ಮೀಟರ್ ಹಿಡಿದು ಬಂದರೆ ಗೇಟಿನಲ್ಲೇ ಕಳಿಸಬೇಡಿ. ರೂಮ್‌ಗಳು ತುಂಬಿರುವ ದಿನ ಕರೆಯಿರಿ. ಊಟದ ಹೊತ್ತಿನಲ್ಲಿ ಫ್ಯಾನ್ ಹಾಕಿ ಒಮ್ಮೆ, ಆಫ್ ಮಾಡಿ ಒಮ್ಮೆ ಅಳೆಯಲಿ. ಆ ಎರಡು ಅಂಕಿ ನೀವೂ ಬರೆದಿಟ್ಟುಕೊಳ್ಳಿ. ಫ್ಯಾನ್ ಹಾಕಿದಾಗಲೂ ಇಳಿಯದಿದ್ದರೆ ಇನ್ನೊಂದು ಫ್ಯಾನ್ ಬೇಕು, ಇಲ್ಲವೇ ಒಂದು ಸಲಕ್ಕೆ ಕೂರುವ ಜನ ಕಮ್ಮಿಯಾಗಬೇಕು.